ರೂಬಿಯ ಕೋರ್ ಎಕ್ಸ್‌ಟೆನ್ಷನ್‌ಗಳನ್ನು ಸಂಭಾಳಿಸುವ ಬಗೆ

ರೂಬಿ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಕೆಲಸ ನಡೆಯುವ ಕಚೇರಿಗಳಲ್ಲಿ, ಭಾಷೆಯ ಮೂಲ ಕ್ಲಾಸ್‌ಗಳಿಗೆ ತಾವೇ ಸೇರಿಸಿಕೊಂಡ ಮೆಥಡ್‌ಗಳನ್ನು (ಕೋರ್ ಎಕ್ಸ್‌ಟೆನ್ಷನ್) ಇಡುವ ‘ಕೋರ್ ಎಕ್ಸ್‌ಟ್’ ಎಂಬ ಫೋಲ್ಡರ್ ಇಲ್ಲದ ಕಚೇರಿಯನ್ನು ನಾನು ನೋಡಿಲ್ಲ. ಸ್ಟ್ರಿಂಗ್‌ಗೆ ಒಂದು ಮೆಥಡ್, ಹ್ಯಾಶ್‌ಗೆ ಇನ್ನೊಂದು, ಅರೇಗೆ ಮತ್ತೆರಡು, ಎಲ್ಲವೂ ಯಾರೋ ಎಂದೋ ಬರೆದಿಟ್ಟವು. ಯಾಕೆ ಬರೆದರು ಎಂದು ಕೇಳೋಣವೆಂದರೆ ಬರೆದವರು ಬೇರೆ ಕಡೆ ಕೆಲಸಕ್ಕೆ ಸೇರಿ ವರ್ಷಗಳಾಗಿರುತ್ತವೆ. ನಮ್ಮಲ್ಲಿ ಆ ಫೋಲ್ಡರ್ ಬೆಳೆದು ಒಂದು ಜೆಮ್ (ಹಂಚಿಕೊಳ್ಳಬಹುದಾದ ರೂಬಿ ಲೈಬ್ರರಿ) ಆಗಿದೆ. ಸಹಕಾರ ಸಂಘಗಳ ಲೆಕ್ಕಪತ್ರ, ಸದಸ್ಯರ ಪಟ್ಟಿ, ಕನ್ನಡದಲ್ಲಿ ಮುದ್ರಣವಾಗುವ ರಸೀದಿ ಎಂದು ನಮ್ಮ ಹಲವು ಆ್ಯಪ್‌ಗಳು ಅದನ್ನೇ ನಂಬಿಕೊಂಡಿವೆ. ಅದರ ಉಸ್ತುವಾರಿ ನನ್ನದು.

ಅಂಥ ಲೈಬ್ರರಿಯೊಂದು ಯಾರ ಕೈಗೆ ಬಂದಿದೆಯೋ ಅವರಿಗಾಗಿ ಈ ಬರಹ. ಮಾಡ್ಯೂಲ್ ಎಂದರೇನು, ‘ಇನ್‌ಕ್ಲೂಡ್’ ಏನು ಮಾಡುತ್ತದೆ ಎಂಬಷ್ಟು ಗೊತ್ತಿದೆ ಎಂದುಕೊಂಡು ಬರೆಯುತ್ತಿದ್ದೇನೆ. ನನ್ನ ನಿಲುವನ್ನು ಮೊದಲೇ ಹೇಳಿಬಿಡುತ್ತೇನೆ: ವರ್ಷದ ಕೊನೆಗೆ ಲೈಬ್ರರಿಯಲ್ಲಿ ಮೆಥಡ್‌ಗಳು ಮೊದಲಿಗಿಂತ ಕಡಿಮೆಯಾಗಿದ್ದರೆ ಆ ವರ್ಷ ಕೆಲಸ ಚೆನ್ನಾಗಿ ನಡೆದಿದೆ ಎಂದೇ ನನ್ನ ಲೆಕ್ಕ. ಸ್ಟ್ರಿಂಗ್, ಹ್ಯಾಶ್, ಅರೇ ಇವೆಲ್ಲ ಭಾಷೆಯ ಸೊತ್ತು. ಅವುಗಳಲ್ಲಿ ನಾವು ಬಳಸುವ ಹೆಸರು ಪಕ್ಕದ ಮನೆಯಿಂದ ಕಡ ತಂದ ಪಾತ್ರೆಯ ಹಾಗೆ. ಕೇಳಿದ ದಿನ ತೊಳೆದು ಹಿಂದಿರುಗಿಸಬೇಕು.

ಒಳಗೆ ಬಿಡುವ ಮುನ್ನ

ಹೊಸ ಮೆಥಡ್ ಬೇಕೆಂದು ಯಾರಾದರೂ ಬಂದರೆ ನಾನು ಕೇಳುವ ಮೊದಲ ಪ್ರಶ್ನೆ, ಇದು ರೂಬಿಯಲ್ಲಿ ಈಗಾಗಲೇ ಇದೆಯೇ ಎಂಬುದು. ಬಹಳ ಸಲ ಇರುತ್ತದೆ. ‘ಡಿಗ್’ ಬಂದದ್ದು ರೂಬಿಯ 2.3ನೆಯ ಆವೃತ್ತಿಯಲ್ಲಿ. ‘ಟ್ರಾನ್ಸ್‌ಫಾರ್ಮ್ ವ್ಯಾಲ್ಯೂಸ್’, ‘ಕ್ಲ್ಯಾಂಪ್’ ಮತ್ತು ಹ್ಯಾಶ್‌ನ ‘ಕಂಪ್ಯಾಕ್ಟ್’ 2.4ರಲ್ಲಿ ಬಂದವು. ಹ್ಯಾಶ್‌ನ ‘ಸ್ಲೈಸ್’, ‘ಟ್ರಾನ್ಸ್‌ಫಾರ್ಮ್ ಕೀಸ್’, ಸ್ಟ್ರಿಂಗ್‌ನ ‘ಡಿಲೀಟ್ ಪ್ರಿಫಿಕ್ಸ್’ 2.5ರಲ್ಲಿ, ‘ಟ್ಯಾಲಿ’ ಮತ್ತು ‘ಫಿಲ್ಟರ್ ಮ್ಯಾಪ್’ 2.7ರಲ್ಲಿ, ‘ಎಕ್ಸೆಪ್ಟ್’ 3.0ರಲ್ಲಿ. ಇವುಗಳಲ್ಲಿ ಕೆಲವು ಮೊದಲು ರೈಲ್ಸ್‌ನ (ರೂಬಿಯಲ್ಲಿ ವೆಬ್ ಆ್ಯಪ್ ಕಟ್ಟುವ ಚೌಕಟ್ಟು) ಆಕ್ಟಿವ್ ಸಪೋರ್ಟ್ ಎಂಬ ಲೈಬ್ರರಿಯಲ್ಲಿದ್ದು, ವರ್ಷಗಟ್ಟಲೆ ಬಳಕೆಯಾಗಿ, ಆಮೇಲೆ ಭಾಷೆಗೆ ಸೇರಿದವು. ಹಳೆಯ ರೂಬಿಯಲ್ಲಿ ಸಿಕ್ಕಿಕೊಂಡವರಿಗೆ ‘ಬ್ಯಾಕ್‌ಪೋರ್ಟ್ಸ್’ ಎಂಬ ಜೆಮ್ ಇದೆ. ಹೊಸ ಆವೃತ್ತಿಯ ಮೆಥಡ್‌ಗಳನ್ನು ಅದೇ ಹೆಸರಿನಲ್ಲಿ, ಅದೇ ನಡವಳಿಕೆಯೊಂದಿಗೆ ಅದು ಕೊಡುತ್ತದೆ. ಅದಿರುವಾಗ ಸ್ವಂತ ನಕಲು ಬರೆಯುವುದು ದಂಡ.

ಎರಡನೆಯ ಪ್ರಶ್ನೆ: ಇದು ಮೂಲ ಕ್ಲಾಸ್‌ನ ಮೇಲೆಯೇ ಇರಬೇಕೇ? ನಮ್ಮದೇ ಮಾಡ್ಯೂಲ್‌ನಲ್ಲಿ ಒಂದು ಫಂಕ್ಷನ್ ಬರೆದು ಸ್ಟ್ರಿಂಗನ್ನು ಆರ್ಗ್ಯುಮೆಂಟ್ ಆಗಿ ಕೊಟ್ಟರೆ ಸಾಲದೇ? ‘ಆದರೆ ಚುಕ್ಕಿ ಹಾಕಿ ಕರೆದರೆ ಓದಲು ಚೆನ್ನಾಗಿರುತ್ತದೆ’ ಎಂಬ ಉತ್ತರ ಬರುತ್ತದೆ. ಒಪ್ಪುತ್ತೇನೆ, ಆ ಚಂದಕ್ಕಾಗಿಯೇ ನಾವು ರೂಬಿಗೆ ಬಂದವರು. ಆದರೆ ಸ್ಟ್ರಿಂಗ್‌ಗೆ ‘ಇದು ಐಎಫ್‌ಎಸ್‌ಸಿ ಸಂಖ್ಯೆಯೇ?’ ಎಂದು ಕೇಳುವ ಮೆಥಡ್ ಬೇಡ. ಬ್ಯಾಂಕಿನ ಶಾಖೆಗೆ 11 ಅಕ್ಷರಗಳ ಸಂಕೇತವಿದೆ ಎಂಬುದು ಸ್ಟ್ರಿಂಗ್‌ಗೆ ತಿಳಿಯಬೇಕಾದ ಸಂಗತಿಯಲ್ಲ. ವ್ಯವಹಾರದ ಮಾತು ವ್ಯವಹಾರದ ಕ್ಲಾಸ್‌ನಲ್ಲಿರಲಿ. ಪಠ್ಯ ಯಾವುದೇ ಇರಲಿ, ಎಲ್ಲಿಂದಲೇ ಬರಲಿ, ಅದಕ್ಕೆ ಅನ್ವಯಿಸುವ ಗುಣವಾದರೆ ಮಾತ್ರ ಸ್ಟ್ರಿಂಗ್‌ನ ಬಾಗಿಲು ತಟ್ಟಬಹುದು.

ಹೆಚ್ಚುಕಡಿಮೆ ಎಲ್ಲ ಕ್ಲಾಸ್‌ಗಳ ಮೂಲವಾದ ಆಬ್ಜೆಕ್ಟ್‌ನ ವಿಷಯದಲ್ಲಿ ನಾನು ಇನ್ನೂ ಜುಗ್ಗ. ಅಲ್ಲಿಗೆ ಸೇರಿಸಿದ್ದು ‘ಏನೂ ಇಲ್ಲ’ ಎಂದು ಸೂಚಿಸುವ ನಿಲ್‌ಗೂ ಸೇರುತ್ತದೆ, ಪ್ರೊಕ್‌ಗೂ ಸೇರುತ್ತದೆ, ಕ್ಲಾಸ್‌ಗಳಿಗೂ ಸೇರುತ್ತದೆ. ‘ಮೆಥಡ್ ಮಿಸ್ಸಿಂಗ್’ ನಂಬಿ ಬದುಕುವ, ಇನ್ನೊಂದು ಆಬ್ಜೆಕ್ಟ್‌ನ ಪರವಾಗಿ ನಿಲ್ಲುವ ಪ್ರಾಕ್ಸಿ ಆಬ್ಜೆಕ್ಟ್‌ಗಳು ಸದ್ದಿಲ್ಲದೆ ಕೆಡುತ್ತವೆ: ಇಲ್ಲದ ಮೆಥಡನ್ನು ಕರೆದಾಗ ಹಿಂದಿನ ಆಬ್ಜೆಕ್ಟ್‌ಗೆ ದಾಟಿಸಬೇಕಾದದ್ದು, ಈಗ ಆ ಮೆಥಡ್ ‘ಇರುವುದರಿಂದ’ ದಾಟಿಸುವುದೇ ಇಲ್ಲ. ಬರಿಯ ಮೈಯ ‘ಬೇಸಿಕ್ ಆಬ್ಜೆಕ್ಟ್’ ಎಂಬ ಕ್ಲಾಸ್ ರೂಬಿ 1.9ರಲ್ಲಿ ಬಂದದ್ದೇ ಇಂಥವುಗಳಿಗೆ ನೆಲೆ ಬೇಕೆಂದು. ಆದರೆ ಎಲ್ಲರೂ ಅದನ್ನು ಬಳಸಿರುವುದಿಲ್ಲ.

ಇನ್ನು ಕೂಡು, ಕಳೆ, ಭಾಗಿಸು ಚಿಹ್ನೆಗಳ ತಂಟೆಗೆ ಹೋಗಲೇಬಾರದು. ರೂಬಿಯ ಜೊತೆಗೇ ಬರುತ್ತಿದ್ದ ‘ಮ್ಯಾಥ್‌ಎನ್’ ಎಂಬ ಲೈಬ್ರರಿ ಹಾಗೆ ಮಾಡುತ್ತಿತ್ತು. ಎಲ್ಲೋ ಒಂದು ಕಡೆ ಅದನ್ನು ರಿಕ್ವೈರ್ ಮಾಡಿದರೆ ಸಾಕು, ಇಡೀ ಪ್ರೋಗ್ರಾಮಿನಲ್ಲಿ 1 ಭಾಗಿಸು 2 ಎಂದರೆ ಸೊನ್ನೆಯ ಬದಲು ಅರ್ಧ ಎಂಬ ಭಿನ್ನರಾಶಿ ಬರುತ್ತಿತ್ತು. ಗಣಿತವಾಗಿ ಅದೇ ಸರಿ. ಆದರೆ ಪೂರ್ಣಾಂಕ ಬರುತ್ತದೆ ಎಂದು ನಂಬಿ ಬರೆದ ಬೇರೆಯವರ ಕೋಡ್‌ಗೆ ಅದೇ ವಿಷ. 2.2ರಲ್ಲಿ ಅದಕ್ಕೆ ಎಚ್ಚರಿಕೆಯ ಪಟ್ಟಿ ಕಟ್ಟಿದರು, 2.5ರಲ್ಲಿ ಹೊರಗೆ ಹಾಕಿದರು. ಜೊತೆಗೆ, ಇಂಟಿಜರ್‌ನ ಕೂಡು ಚಿಹ್ನೆಯನ್ನು ಯಾರಾದರೂ ಹೊಸದಾಗಿ ಬರೆದರೆ ರೂಬಿಯ ಇಂಟರ್‌ಪ್ರಿಟರ್ ಅದಕ್ಕೆಂದು ಇಟ್ಟುಕೊಂಡ ವೇಗದ ಒಳದಾರಿಯನ್ನು ಎಲ್ಲೆಡೆಯೂ ಮುಚ್ಚುತ್ತದೆ.

ಎಲ್ಲಿ ಇಡಬೇಕು

ಕಡತಕ್ಕೆ ಒಂದೇ ಮೆಥಡ್, ಅಥವಾ ಒಂದೇ ಕೆಲಸದ ಎರಡು ಮೂರು ಮೆಥಡ್. ‘ಫ್ಯಾಸೆಟ್ಸ್’ ಲೈಬ್ರರಿ ಇದನ್ನು ನಿಯಮದಂತೆ ಪಾಲಿಸಿದೆ, ಆಕ್ಟಿವ್ ಸಪೋರ್ಟ್ ಕೂಡ ಬಹುಮಟ್ಟಿಗೆ ಹೀಗೆಯೇ. ಬೇಕಾದವರು ಬೇಕಾದ ಕಡತವನ್ನಷ್ಟೇ ರಿಕ್ವೈರ್ ಮಾಡಿಕೊಳ್ಳುತ್ತಾರೆ. ಆದರೆ ಇದು ನಿಜವಾಗಿ ಕೆಲಸ ಮಾಡಬೇಕಾದರೆ ಪ್ರತಿ ಕಡತವೂ ತಾನೊಂದೇ ನಿಲ್ಲಬೇಕು. ಒಂದು ಕಡತ ಇನ್ನೊಂದನ್ನು ಗುಟ್ಟಾಗಿ ಆಶ್ರಯಿಸಿದ್ದರೆ ಎಲ್ಲವನ್ನೂ ಒಟ್ಟಿಗೆ ಲೋಡ್ ಮಾಡುವ ಪರೀಕ್ಷೆಗಳಲ್ಲಿ ಅದು ಎಂದೂ ಸಿಕ್ಕಿಬೀಳುವುದಿಲ್ಲ. ಹಾಗಾಗಿ ಫೋಲ್ಡರಿನ ಪ್ರತಿ ಕಡತಕ್ಕೂ ಹೊಸದೊಂದು ರೂಬಿ ಪ್ರೋಸೆಸ್ ಎಬ್ಬಿಸಿ, ಅದೊಂದನ್ನೇ ಲೋಡ್ ಮಾಡಿ, ಅದರ ಪರೀಕ್ಷೆಯನ್ನಷ್ಟೇ ಓಡಿಸುವ ಒಂದು ರೇಕ್ ಟಾಸ್ಕ್ ಇಟ್ಟುಕೊಳ್ಳಿ. ನಿಧಾನ, ನಿಜ. ರಾತ್ರಿ ಓಡಲಿ.

ಮುಂದಿನದು ಮುಖ್ಯ. ಕ್ಲಾಸನ್ನು ಮತ್ತೆ ತೆರೆದು ನೇರವಾಗಿ ಮೆಥಡ್ ಬರೆಯಬೇಡಿ. ಹೆಸರಿರುವ ಒಂದು ಮಾಡ್ಯೂಲ್‌ನಲ್ಲಿ ಬರೆದು, ಅದನ್ನು ಕ್ಲಾಸ್‌ಗೆ ಇನ್‌ಕ್ಲೂಡ್ ಮಾಡಿ. ಹಾಗೆ ಮಾಡಿದರೆ ‘ಈ ಮೆಥಡ್ ಯಾರದು?’ ಎಂದು ‘ಓನರ್’ ಕೇಳಿದಾಗ ನಮ್ಮ ಮಾಡ್ಯೂಲ್‌ನ ಹೆಸರು ಬರುತ್ತದೆ. ರಾತ್ರಿ ಹನ್ನೊಂದಕ್ಕೆ ಏನೋ ಕೆಟ್ಟಾಗ ಬೈಯಬೇಕಾದವರು ಯಾರೆಂದು ತಿಳಿಯುವುದು ಸಣ್ಣ ಉಪಕಾರವಲ್ಲ. ಅದಕ್ಕಿಂತ ದೊಡ್ಡ ಲಾಭ ಹುಡುಕಾಟದ ಸರದಿಯಲ್ಲಿದೆ. ರೂಬಿ ಮೊದಲು ಸ್ಟ್ರಿಂಗ್‌ನಲ್ಲಿ ಹುಡುಕುತ್ತದೆ, ಆಮೇಲೆ ಅದಕ್ಕೆ ಸೇರಿಸಿದ ಮಾಡ್ಯೂಲ್‌ಗಳಲ್ಲಿ. ನಾಳೆ ಭಾಷೆಯೇ ಸ್ಟ್ರಿಂಗ್‌ನಲ್ಲಿ ಅದೇ ಹೆಸರಿನ ಮೆಥಡ್ ತಂದರೆ ಭಾಷೆಯದೇ ನಡೆಯುತ್ತದೆ, ನಮ್ಮದು ತಾನಾಗಿ ಹಿಂದೆ ಸರಿಯುತ್ತದೆ. ಕ್ಲಾಸನ್ನು ತೆರೆದು ಬರೆದಿದ್ದರೆ ನಮ್ಮದು ಭಾಷೆಯದನ್ನು ಅಳಿಸಿಹಾಕಿ, ಹೊಸ ಮೆಥಡನ್ನು ನಂಬಿ ಬರೆದ ಮೂರನೆಯವರ ಜೆಮ್ ನಮ್ಮ ಮನೆಯಲ್ಲಿ ಮಾತ್ರ ಮುರಿಯುತ್ತದೆ. ಮಾಡ್ಯೂಲನ್ನು ಕ್ಲಾಸ್‌ಗಿಂತ ಮುಂದೆ ನಿಲ್ಲಿಸುವ ‘ಪ್ರಿಪೆಂಡ್’ ಮಾಡಿದರೂ ಇದೇ ಗತಿ.

ಈ ಸರದಿಯಲ್ಲೊಂದು ಮೂಲೆ ಇದೆ, ಅನುಭವಿಗಳೂ ಎಡವುವ ಜಾಗ. ‘ಟ್ಯಾಲಿ’ ಅರೇಯ ಸ್ವಂತ ಮೆಥಡ್ ಅಲ್ಲ, ಅರೇ, ಹ್ಯಾಶ್‌ಗಳು ಇನ್‌ಕ್ಲೂಡ್ ಮಾಡಿಕೊಂಡಿರುವ ಎನ್ಯೂಮರೇಬಲ್ ಮಾಡ್ಯೂಲ್‌ನದು. ನಮ್ಮ ಮಾಡ್ಯೂಲನ್ನು ಅರೇಗೆ ಇನ್‌ಕ್ಲೂಡ್ ಮಾಡಿದರೆ ಅದು ಅರೇ ಮತ್ತು ಎನ್ಯೂಮರೇಬಲ್‌ಗಳ ನಡುವೆ ಬಂದು ಕೂರುತ್ತದೆ. ಆಗ ಭಾಷೆಯ ‘ಟ್ಯಾಲಿ’ಗಿಂತ ನಮ್ಮದು ಮೊದಲು ಸಿಗುತ್ತದೆ. ‘ದೆನ್’, ‘ಟ್ಯಾಪ್’ ಎಲ್ಲ ಆಬ್ಜೆಕ್ಟ್‌ನ ಹಿಂದಿರುವ ಕರ್ನೆಲ್ ಮಾಡ್ಯೂಲ್‌ನಲ್ಲಿರುವುದರಿಂದ ಆಬ್ಜೆಕ್ಟ್‌ಗೆ ಸೇರಿಸಿದ್ದೂ ಅವುಗಳನ್ನು ಹೀಗೆಯೇ ಮರೆಮಾಡುತ್ತದೆ. ಆದ್ದರಿಂದ ಭಾಷೆಯೇ ಈ ಮೆಥಡ್ ತಂದರೆ ಎಲ್ಲಿ ಇಡುತ್ತಿತ್ತು ಎಂದು ಯೋಚಿಸಿ, ಅದೇ ಮಟ್ಟದಲ್ಲಿ ಸೇರಿಸಿ. ಎನ್ಯೂಮರೇಬಲ್‌ನ ಸ್ವಭಾವದ್ದಾದರೆ ಎನ್ಯೂಮರೇಬಲ್‌ಗೆ. ಒಂದು ಷರತ್ತಿದೆ: ಮಾಡ್ಯೂಲ್‌ಗೆ ಇನ್ನೊಂದು ಮಾಡ್ಯೂಲ್ ಸೇರಿಸಿದಾಗ, ಅದನ್ನು ಮೊದಲೇ ಇನ್‌ಕ್ಲೂಡ್ ಮಾಡಿಕೊಂಡ ಅರೇ, ಹ್ಯಾಶ್‌ಗಳಿಗೂ ತಲುಪುವುದು ರೂಬಿ 3.0ರಿಂದ ಈಚೆಗೆ ಮಾತ್ರ. 2.7ರ ಆ್ಯಪ್ ಇನ್ನೂ ಉಳಿದಿದ್ದರೆ ಈ ದಾರಿ ಅಲ್ಲಿ ಮುಚ್ಚಿದೆ.

ಭಾಷೆಯೇ ಆ ಹೆಸರನ್ನು ತೆಗೆದುಕೊಂಡಾಗ

ಹಲವು ವರ್ಷಗಳಿಂದ ರೂಬಿಯ ಹೊಸ ಆವೃತ್ತಿ ಡಿಸೆಂಬರ್ 25ಕ್ಕೆ ಬರುತ್ತಿದೆ. ಸಂಕ್ರಾಂತಿಯ ಹೊತ್ತಿಗೆ ನಮ್ಮ ಜೆಮ್ ಅದರ ಮೇಲೆ ಓಡಿರಬೇಕು ಎಂಬುದು ನಾನು ಹಾಕಿಕೊಂಡ ನಿಯಮ. ಹಬ್ಬಕ್ಕೆ ಮುಂಚೆ ಮನೆಯ ಅಟ್ಟ ಗುಡಿಸುವವರು ಗುಡಿಸಲಿ, ನಾನು ಇದನ್ನು ಗುಡಿಸುತ್ತೇನೆ. ಬಿಡುಗಡೆಗೆ ತಿಂಗಳುಗಳ ಮೊದಲೇ ಪ್ರಿವ್ಯೂ ಬರುವುದರಿಂದ ಅವಸರವೇನೂ ಇರುವುದಿಲ್ಲ.

ನಮ್ಮ ಜೆಮ್‌ನಲ್ಲಿ ಒಂದು ಸಾದಾ ಪಠ್ಯ ಕಡತ ಇದೆ. ಸಾಲಿಗೊಂದು ಮೆಥಡ್: ಯಾವ ಕ್ಲಾಸ್, ಯಾವ ಹೆಸರು, ಯಾವ ವರ್ಷ ಸೇರಿತು, ಯಾವ ಆ್ಯಪ್‌ಗಾಗಿ. ಒಂದು ಪುಟ್ಟ ಸ್ಕ್ರಿಪ್ಟ್ ಯಾವ ಜೆಮ್ಮನ್ನೂ ಲೋಡ್ ಮಾಡದೆ, ಬರಿಯ ರೂಬಿಯನ್ನು ಎಬ್ಬಿಸಿ, ಆ ಪಟ್ಟಿಯ ಪ್ರತಿ ಸಾಲಿಗೂ ‘ಮೆಥಡ್ ಡಿಫೈನ್ಡ್?’ ಎಂದು ಕೇಳುತ್ತದೆ. ಹೌದು ಎಂದು ಬಂದ ಸಾಲುಗಳೇ ಆ ವರ್ಷದ ಕೆಲಸ. ಪ್ರೈವೇಟ್ ಮೆಥಡ್‌ಗಳನ್ನು ಬೇರೆಯಾಗಿ ಕೇಳಬೇಕು, ಈ ಪ್ರಶ್ನೆಗೆ ಅವು ಉತ್ತರಿಸುವುದಿಲ್ಲ. ಕರ್ನೆಲ್‌ನ ‘ಟೆಸ್ಟ್’, ‘ಫಾರ್ಮ್ಯಾಟ್’, ‘ಓಪನ್’ ಅಲ್ಲಿಯೇ ಅಡಗಿ ಕುಳಿತಿವೆ. ಎಚ್ಚರಿಕೆಗಳನ್ನು ತೋರಿಸುವ ‘-ಡಬ್ಲ್ಯೂ’ ಸ್ವಿಚ್ ಹಾಕಿದರೆ ‘ಮೆಥಡ್ ರೀಡಿಫೈನ್ಡ್’ ಎಂದು ರೂಬಿಯೇ ಹೇಳುವುದಿಲ್ಲವೇ ಎಂದು ನೀವು ಕೇಳಬಹುದು. ಹೇಳುತ್ತದೆ, ಆದರೆ ಕ್ಲಾಸನ್ನು ತೆರೆದು ಬರೆದಾಗ ಮಾತ್ರ. ಮಾಡ್ಯೂಲ್ ಇನ್‌ಕ್ಲೂಡ್ ಮಾಡಿದಾಗ ಅದಕ್ಕೆ ಏನೂ ಕಾಣುವುದಿಲ್ಲ. ಅದಕ್ಕೇ ಪಟ್ಟಿ ಬೇಕು.

ಹೆಸರು ಒಂದೇ ಆದಮಾತ್ರಕ್ಕೆ ನಡತೆ ಒಂದೇ ಅಲ್ಲ. ‘ಸಮ್’ ನೋಡಿ. ಆಕ್ಟಿವ್ ಸಪೋರ್ಟ್ ಕೊಡುತ್ತಿದ್ದ ‘ಸಮ್’ ಸ್ಟ್ರಿಂಗ್‌ಗಳ ಅರೇಯನ್ನೂ ಕೂಡಿಸಿ ಜೋಡಿಸುತ್ತಿತ್ತು. 2.4ರಲ್ಲಿ ರೂಬಿಯದೇ ‘ಸಮ್’ ಬಂತು. ಅದು ಸೊನ್ನೆಯಿಂದ ಎಣಿಕೆ ಶುರುಮಾಡುವುದರಿಂದ ಸ್ಟ್ರಿಂಗ್ ಕೊಟ್ಟರೆ ಟೈಪ್ ಎರರ್ ಎಸೆಯುತ್ತದೆ, ಆರಂಭದ ಮೌಲ್ಯವಾಗಿ ಖಾಲಿ ಸ್ಟ್ರಿಂಗ್ ಕೊಟ್ಟರೆ ಮಾತ್ರ ಒಪ್ಪುತ್ತದೆ. ರೈಲ್ಸ್ 7.0ರಲ್ಲಿ ಹಳೆಯ ನಡತೆಗೆ ಎಚ್ಚರಿಕೆ ಹಾಕಿ, 7.1ರಲ್ಲಿ ಕಿತ್ತುಹಾಕಿದರು. ಅಂದರೆ ಭಾಷೆಗೆ ಮೆಥಡ್ ಬಂದ ಮೇಲೂ ಹಳೆಯದನ್ನು ಬಿಡಲು ಅಷ್ಟು ವರ್ಷ ಹಿಡಿಯಿತು.

ಸಂಖ್ಯೆಗಳಲ್ಲೂ ವ್ಯತ್ಯಾಸವಿದೆ, ಅದು ಇನ್ನೂ ಮೆತ್ತಗಿನದು. 0.1 ಎಂಬ ಫ್ಲೋಟನ್ನು ಹತ್ತು ಸಲ ‘ಇಂಜೆಕ್ಟ್’ನಿಂದ ಕೂಡಿಸಿದರೆ 0.9999999999999999 ಬರುತ್ತದೆ. ರೂಬಿಯ ‘ಸಮ್’ ಮಾಡಿದರೆ 1.0 ಬರುತ್ತದೆ, ಏಕೆಂದರೆ ಕೂಡಿಸುವಾಗ ಕಳೆದುಹೋಗುವ ಚೂರುಗಳನ್ನು ಅದು ಬೇರೆಯಾಗಿ ಎತ್ತಿಟ್ಟುಕೊಂಡು ಕೊನೆಗೆ ಸೇರಿಸುತ್ತದೆ. ಹೊಸದು ಹೆಚ್ಚು ನಿಖರ. ಆದರೆ ಹಳೆಯ ಮೊತ್ತವನ್ನು ಕೆಳಕ್ಕೆ ಕತ್ತರಿಸಿ ಮುದ್ರಿಸಿದ ವರದಿಯೊಂದಿದ್ದರೆ, ಹೊಸ ವರದಿಗೂ ಅದಕ್ಕೂ ಪೈಸೆಯಲ್ಲಿ ತಾಳೆಯಾಗದೆ ಸಂಘದ ಕಾರ್ಯದರ್ಶಿಯಿಂದ ಫೋನು ಬರುತ್ತದೆ. (ಹಣವನ್ನು ಫ್ಲೋಟಿನಲ್ಲಿ ಇಡಬಾರದು ಎಂಬ ಉಪದೇಶ ನನಗೂ ಗೊತ್ತು. ಇಟ್ಟವರ ಕೋಡನ್ನು ನೋಡಿಕೊಳ್ಳುವ ಕೆಲಸ ನನ್ನದು ಅಷ್ಟೆ.) ಹೀಗಾಗಿ ಪಟ್ಟಿಯಲ್ಲಿ ಡಿಕ್ಕಿ ಕಂಡ ಕೂಡಲೇ ನಮ್ಮ ಮೆಥಡ್‌ನ ಪರೀಕ್ಷೆಗಳನ್ನೇ ಭಾಷೆಯ ಮೆಥಡ್‌ನ ಮೇಲೆ ಓಡಿಸಿ ನೋಡಿ. ಎಲ್ಲವೂ ಪಾಸಾದರೆ ನಮ್ಮದನ್ನು ಅಳಿಸಿ. ಒಂದೆರಡು ಬಿದ್ದರೆ ಆ ಒಂದೆರಡೇ ನೀವು ಬಳಕೆದಾರರಿಗೆ ಬರೆದು ತಿಳಿಸಬೇಕಾದ ಸಂಗತಿ. ಪರೀಕ್ಷೆಗಳೇ ಇಲ್ಲದಿದ್ದರೆ, ಅಳಿಸುವ ಮುಂಚೆ ಅವನ್ನು ಬರೆಯುವುದೇ ಮೊದಲ ಕೆಲಸ. ಸಾಯಲಿರುವ ಮೆಥಡ್‌ಗೆ ಪರೀಕ್ಷೆ ಬರೆಯುವುದು ಹುಚ್ಚು ಎನಿಸಬಹುದು, ಆದರೂ ಬರೆಯಿರಿ.

ಆಕ್ಟಿವ್ ಸಪೋರ್ಟ್‌ನ ‘ಟ್ರೈ’ ಮತ್ತು ನಿಲ್ ಇದ್ದರೆ ಮೆಥಡನ್ನು ಕರೆಯದೆ ಬಿಡುವ ರೂಬಿಯ ಸೇಫ್ ನ್ಯಾವಿಗೇಷನ್ ಚಿಹ್ನೆಯ ಜೋಡಿಯೂ ಹೀಗೆಯೇ ಮೋಸ ಮಾಡುತ್ತದೆ. 2.3ರಲ್ಲಿ ‘&.’ ಬಂದಾಗ ‘ಟ್ರೈ’ ಇರುವಲ್ಲೆಲ್ಲ ಅದನ್ನು ಹಾಕಿಬಿಡೋಣ ಎಂಬ ಉತ್ಸಾಹ ಎಲ್ಲರಿಗೂ ಬಂತು. ನಿಲ್ ಬಂದರೆ ಎರಡೂ ನಿಲ್ ಕೊಡುತ್ತವೆ. ಆದರೆ ಆಬ್ಜೆಕ್ಟ್ ನಿಲ್ ಅಲ್ಲದೆ, ಆ ಮೆಥಡ್ ಅದರಲ್ಲಿ ಇಲ್ಲದಿದ್ದರೆ ‘ಟ್ರೈ’ ಸುಮ್ಮನೆ ನಿಲ್ ಕೊಡುತ್ತದೆ, ‘&.’ ನೋ ಮೆಥಡ್ ಎರರ್ ಎಸೆಯುತ್ತದೆ. ‘&.’ಗೆ ಸಮನಾದದ್ದು ಕೂಗುಗುರುತಿನ ‘ಟ್ರೈ!’. ನನ್ನ ಅಭಿಪ್ರಾಯದಲ್ಲಿ ಎಸೆಯುವುದೇ ಒಳ್ಳೆಯದು, ತಪ್ಪು ಹೆಸರು ಬರೆದದ್ದು ಅಂದೇ ತಿಳಿಯುತ್ತದೆ. ಆದರೆ ಬದಲಾವಣೆಯನ್ನು ‘ಬರೀ ಹೊಸ ಬರವಣಿಗೆ’ ಎಂದು ಚೇಂಜ್‌ಲಾಗಿನಲ್ಲಿ ಬರೆಯಬೇಡಿ.

ಅರ್ಥವೇ ಬೇರೆಯಾದ ಡಿಕ್ಕಿ ಎಲ್ಲಕ್ಕಿಂತ ಕೆಟ್ಟದ್ದು. ರೈಲ್ಸ್‌ನ ಹಳೆಯ ಕಾಲದಲ್ಲಿ ಸ್ಟ್ರಿಂಗ್‌ಗೆ ‘ಚಾರ್ಸ್’ ಎಂಬ ಮೆಥಡನ್ನು ಆಕ್ಟಿವ್ ಸಪೋರ್ಟ್ ಸೇರಿಸಿತ್ತು. ಯೂನಿಕೋಡ್ ತಿಳಿದ ಒಂದು ಪ್ರಾಕ್ಸಿಯನ್ನು ಅದು ಕೊಡುತ್ತಿತ್ತು. 2008ರಲ್ಲಿ ಬಂದ ರೂಬಿ 1.8.7ರಲ್ಲಿ ಭಾಷೆಯೇ ‘ಚಾರ್ಸ್’ ತಂದಿತು, ಅದು ಕೊಡುವುದು ಎನ್ಯೂಮರೇಟರ್. ಒಂದೇ ಹೆಸರು, ಎರಡು ಬೇರೆ ವಸ್ತು. ರೈಲ್ಸ್ ಅದೇ ವರ್ಷ 2.2ರಲ್ಲಿ ತನ್ನದನ್ನು ‘ಎಂಬಿ ಚಾರ್ಸ್’ ಎಂದು ಮರುನಾಮಕರಣ ಮಾಡಿ ದಾರಿ ಬಿಟ್ಟಿತು. ಸರಿಯಾದ ನಡೆ. ಭಾಷೆಯ ಜೊತೆ ಹಗ್ಗ ಜಗ್ಗಾಡಿ ಗೆದ್ದ ಲೈಬ್ರರಿ ಇಲ್ಲ.

ಅಕ್ಷರಗಳನ್ನು ಎಣಿಸುವ ಮೆಥಡ್

ನಮ್ಮ ಜೆಮ್‌ನಲ್ಲಿ ಉಳಿಯಲೇಬೇಕು ಎಂದು ನಾನು ಹಟ ಹಿಡಿದಿರುವ ಮೆಥಡ್ ಒಂದಿದೆ. ರಸೀದಿಯ ಅಂಕಣಕ್ಕೆ ಹೊಂದುವಂತೆ ಸದಸ್ಯರ ಹೆಸರನ್ನು ಕತ್ತರಿಸಬೇಕು. ಹಳೆಯ ಮೆಥಡ್ ಸ್ಟ್ರಿಂಗ್‌ನ ‘ಲೆಂತ್’ ನೋಡಿ ಕತ್ತರಿಸುತ್ತಿತ್ತು. ‘ಲಕ್ಷ್ಮಣಪ್ಪ’ ಎಂಬ ಹೆಸರಿಗೆ ರೂಬಿ ಹೇಳುವ ಉದ್ದ 10, ಏಕೆಂದರೆ ಅದು ಪ್ರತಿ ವಿರಾಮ ಚಿಹ್ನೆಯನ್ನೂ (ವ್ಯಂಜನದ ಸ್ವರ ಕಳೆಯುವ ‘್’) ಬೇರೆ ಕೋಡ್‌ಪಾಯಿಂಟ್ (ಯೂನಿಕೋಡ್‌ನ ಒಂದು ಸಂಕೇತ) ಆಗಿ ಎಣಿಸುತ್ತದೆ. ಒಂಬತ್ತಕ್ಕೆ ಕತ್ತರಿಸಿದರೆ ರಸೀದಿಯಲ್ಲಿ ‘ಲಕ್ಷ್ಮಣಪ್’ ಎಂದು ಬರುತ್ತದೆ. ಹೆಸರು ಹೀಗೆ ಮೊಟಕಾದವರು ಹಣ ಕಟ್ಟಲು ಬಂದಾಗ ಕೌಂಟರಿನವರು ಕೇಳಿಸಿಕೊಳ್ಳಬೇಕಾದ ಮಾತು ಕೊನೆಗೆ ನಮ್ಮವರೆಗೂ ಬಂತು.

ರೂಬಿ 2.5ರಿಂದ ಸ್ಟ್ರಿಂಗನ್ನು ಓದುವವರಿಗೆ ಒಂದಾಗಿ ಕಾಣುವ ತುಂಡುಗಳಾಗಿ ಒಡೆಯಲೆಂದು ‘ಗ್ರಾಫೀಮ್ ಕ್ಲಸ್ಟರ್ಸ್’ ಎಂಬ ಮೆಥಡ್ ಇದೆ. ಅದು ಕೊಡುವುದು 7: ಲ, ಕ್, ಷ್, ಮ, ಣ, ಪ್, ಪ. ಒತ್ತಕ್ಷರ ಇನ್ನೂ ಒಡೆದೇ ಇರುತ್ತದೆ. ಯೂನಿಕೋಡ್ 15.1ರ ನಿಯಮ ದೇವನಾಗರಿ, ತೆಲುಗು ಸೇರಿ ಕೆಲವು ಭಾರತೀಯ ಲಿಪಿಗಳ ಸಂಯುಕ್ತಾಕ್ಷರಗಳನ್ನು ಒಂದಾಗಿಸಿತು, ಆ ಪಟ್ಟಿಯಲ್ಲಿ ಕನ್ನಡ ಇರಲಿಲ್ಲ. ಓದುವ ನಮಗೆ ಕಾಣುವುದು ನಾಲ್ಕೇ ಅಕ್ಷರ: ಲ, ಕ್ಷ್ಮ, ಣ, ಪ್ಪ.

ಹಾಗಾಗಿ ಮೆಥಡ್ ಹೀಗಿದೆ. ಗ್ರಾಫೀಮ್ ಕ್ಲಸ್ಟರ್‌ಗಳನ್ನು ತೆಗೆದುಕೊಂಡು ‘ಚಂಕ್ ವೈಲ್’ನಿಂದ ಗುಂಪು ಮಾಡಿ, ಪ್ರತಿ ಗುಂಪನ್ನೂ ‘ಜಾಯಿನ್’ ಮಾಡುತ್ತದೆ. ಗುಂಪಿನಲ್ಲಿ ಉಳಿಯಲು ಷರತ್ತು ಎರಡು: ಹಿಂದಿನ ತುಂಡು ವಿರಾಮ ಚಿಹ್ನೆಯಲ್ಲಿ ಮುಗಿಯಬೇಕು, ಮುಂದಿನ ತುಂಡು ಕ ದಿಂದ ಹ ವರೆಗಿನ ವ್ಯಂಜನದಿಂದ ಶುರುವಾಗಬೇಕು. ಎರಡನೆಯ ಷರತ್ತು ಇಲ್ಲದಿದ್ದರೆ ‘ಮಂಜುನಾಥ್ ಕೆ’ ಎಂಬಲ್ಲಿ ‘ಥ್’ ಹೋಗಿ ಖಾಲಿ ಜಾಗಕ್ಕೆ ಅಂಟಿಕೊಳ್ಳುತ್ತದೆ. ‘ರಾಜ್‌ಕುಮಾರ್’ ಎಂದು ಬರೆಯುವಾಗ ಜ್ ಮತ್ತು ಕು ಬೇರೆ ನಿಲ್ಲಲೆಂದು ಹಾಕುವ, ಕಣ್ಣಿಗೆ ಕಾಣದ ‘ಕೂಡಬೇಡ’ ಗುರುತು (ಜೀರೋ ವಿಡ್ತ್ ನಾನ್-ಜಾಯಿನರ್) ಹಿಂದಿನ ತುಂಡಿನ ಬಾಲದಲ್ಲಿ ಉಳಿಯುತ್ತದೆ. ಆಗ ಆ ತುಂಡು ವಿರಾಮದಲ್ಲಿ ಮುಗಿಯುವುದಿಲ್ಲ, ಹಾಗಾಗಿ ಎರಡೂ ಬೇರೆಯಾಗಿಯೇ ಎಣಿಕೆಗೆ ಬರುತ್ತವೆ. ಅದಕ್ಕೆಂದು ಒಂದು ಸಾಲೂ ಬರೆಯಬೇಕಾಗಲಿಲ್ಲ. ನಾಳೆ ಯೂನಿಕೋಡ್ ಕನ್ನಡವನ್ನೂ ಪಟ್ಟಿಗೆ ಸೇರಿಸಿದರೆ ತುಂಡುಗಳು ಮೊದಲೇ ಕೂಡಿ ಬರುತ್ತವೆ, ನಮ್ಮ ಷರತ್ತಿಗೆ ಕೆಲಸವಿರುವುದಿಲ್ಲ, ಉತ್ತರ ಅದೇ. ಭಾಷೆಯ ಕೆಳಗಿನ ನೆಲ ಸರಿದರೂ ಕೆಡದ ಮೆಥಡ್ ಬರೆಯಲು ಸಾಧ್ಯವಾದರೆ ಬರೆಯಬೇಕು.

ಇದಕ್ಕೆ ಹೆಸರೇನು? ರೂಬಿ ಕನ್ನಡ ಲಿಪಿಯ ಹೆಸರನ್ನೂ ಒಪ್ಪುತ್ತದೆ. ‘ಅಕ್ಷರಗಳು’ ಎಂದೇ ಇಟ್ಟರೆ ಓಡುತ್ತದೆ, ಮತ್ತು ರೂಬಿಯ ಸೃಷ್ಟಿಕರ್ತ ಮ್ಯಾಟ್ಸ್ ಮುಂದಿನ ಡಿಸೆಂಬರಿನಲ್ಲಿ ಆ ಹೆಸರನ್ನು ಸ್ಟ್ರಿಂಗ್‌ಗೆ ತರುವ ಭಯವೂ ಇಲ್ಲ. ಆದರೆ ಎಲ್ಲರ ಯಂತ್ರದಲ್ಲೂ ಕನ್ನಡ ಕೀಲಿಮಣೆ ಇರುವುದಿಲ್ಲ. ಕೊನೆಗೆ ಅದೇ ಪದವನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಇಟ್ಟೆವು.

ಇದನ್ನು ಸ್ಟ್ರಿಂಗ್‌ಗೆ ನೇರವಾಗಿ ಸೇರಿಸಿಲ್ಲ, ರಿಫೈನ್‌ಮೆಂಟ್ ಮಾಡಿದ್ದೇವೆ. 2013ರ ಫೆಬ್ರವರಿಯಲ್ಲಿ ಬಂದ ರೂಬಿ 2.0ರಲ್ಲಿ ಪ್ರಾಯೋಗಿಕವಾಗಿ ಕಾಣಿಸಿಕೊಂಡು, 2.1ರಲ್ಲಿ ಅಧಿಕೃತವಾದ ಸೌಲಭ್ಯ ಅದು. ಕಡತದ ಮೇಲ್ಭಾಗದಲ್ಲಿ ‘ಯೂಸಿಂಗ್’ ಎಂದು ಬರೆದರೆ ಅಲ್ಲಿಂದ ಆ ಕಡತದ ಕೊನೆಯವರೆಗೆ ಮಾತ್ರ ಮೆಥಡ್ ಇರುತ್ತದೆ. ಬೇರೆ ಕಡತದ ಸ್ಟ್ರಿಂಗ್‌ಗಳಿಗೆ ಅದರ ಸುಳಿವೇ ಇಲ್ಲ. ಮುಜುಗರಗಳೂ ಇವೆ. ಮೆಥಡ್‌ನ ಒಳಗೆ ‘ಯೂಸಿಂಗ್’ ಹಾಕುವಂತಿಲ್ಲ. ‘ಸೆಂಡ್’ ಮತ್ತು ‘&:’ ಮೂಲಕ ಕರೆದರೆ ಅದು ಕಾಣತೊಡಗಿದ್ದು 2.4ರಿಂದ, ‘ರೆಸ್ಪಾಂಡ್ ಟು?’ ಒಪ್ಪತೊಡಗಿದ್ದು 2.6ರಿಂದ. ರೈಲ್ಸ್‌ನ ಹೆಲ್ಪರ್ ಕಡತದಲ್ಲಿ ‘ಯೂಸಿಂಗ್’ ಬರೆದು, ವ್ಯೂ ಟೆಂಪ್ಲೇಟ್‌ನಲ್ಲಿ ಮೆಥಡ್ ಯಾಕೆ ಸಿಗುತ್ತಿಲ್ಲ ಎಂದು ಕೇಳುವವರು ಪ್ರತಿ ಹೊಸ ತಂಡದಲ್ಲೂ ಇರುತ್ತಾರೆ. ಟೆಂಪ್ಲೇಟ್ ಬೇರೆ ಕಡತ, ಅಷ್ಟೆ. ಹೆಲ್ಪರ್‌ನಲ್ಲಿಯೇ ಕತ್ತರಿಸಿ ಕಳಿಸಿ.

ಒಂದೇ ಮೆಥಡನ್ನು ಎರಡೂ ಬಗೆಯಲ್ಲಿ ಕೊಡಬೇಕಾದರೆ ಸಾದಾ ಮಾಡ್ಯೂಲ್‌ನಲ್ಲಿ ಬರೆದಿಡಿ. ಎಲ್ಲೆಡೆ ಬೇಕಾದವರಿಗೆ ಅದನ್ನು ಇನ್‌ಕ್ಲೂಡ್ ಮಾಡುವ ಕಡತ ಒಂದು, ರಿಫೈನ್‌ಮೆಂಟ್ ಬೇಕಾದವರಿಗೆ ‘ಇಂಪೋರ್ಟ್ ಮೆಥಡ್ಸ್’ ಮಾಡುವ ಕಡತ ಇನ್ನೊಂದು. ಈ ‘ಇಂಪೋರ್ಟ್ ಮೆಥಡ್ಸ್’ 3.1ರಲ್ಲಿ ಬಂತು, ರೂಬಿಯಲ್ಲಿ ಬರೆದ ಮೆಥಡ್‌ಗಳನ್ನಷ್ಟೇ ಅದು ನಕಲು ಮಾಡುತ್ತದೆ. ಹಳೆಯ ಲೇಖನಗಳನ್ನು ನೋಡಿ ರಿಫೈನ್‌ಮೆಂಟ್‌ನ ಒಳಗೆ ಇನ್‌ಕ್ಲೂಡ್ ಬರೆದಿದ್ದರೆ 3.2ರಲ್ಲಿ ಅದು ನಡೆಯುವುದಿಲ್ಲ.

ತೆಗೆಯುವ ಕ್ರಮ

ಒಂದು ಮೆಥಡನ್ನು ತೆಗೆಯಬೇಕೆಂದಾಗ ಮೊದಲು ಎಲ್ಲರೂ ಮಾಡುವುದು ಗ್ರೆಪ್, ಅಂದರೆ ಇಡೀ ಕೋಡಿನಲ್ಲಿ ಆ ಹೆಸರಿನ ಹುಡುಕಾಟ. ‘ಸಮ್’, ‘ಎಕ್ಸೆಪ್ಟ್’ನಂಥ ಹೆಸರುಗಳಿಗೆ ಗ್ರೆಪ್ ಸಾವಿರ ಸಾಲು ಕೊಡುತ್ತದೆ, ನಮ್ಮದು ಯಾವುದು ಎಂದು ಹೇಳುವುದಿಲ್ಲ. ಅದರ ಬದಲು ಮೆಥಡ್‌ನ ಒಳಗಿನಿಂದಲೇ ‘ಕಾಲರ್ ಲೊಕೇಷನ್ಸ್’ ಕೇಳಿ, ಕರೆದ ಕಡತ ಮತ್ತು ಸಾಲಿನ ಸಂಖ್ಯೆಯನ್ನು ಲಾಗಿಗೆ ಬರೆಸಿ, ಒಂದು ಜಾಗಕ್ಕೆ ಒಂದೇ ಸಲ. ಕೆಲವು ವಾರಗಳಲ್ಲಿ ನಿಜವಾದ ಬಳಕೆದಾರರ ಪಟ್ಟಿ ಸಿಗುತ್ತದೆ.

ಎಷ್ಟು ದಿನ ಕಾಯಬೇಕು ಎಂಬುದು ಆ್ಯಪ್‌ನ ಮೇಲೆ ನಿಂತಿದೆ. ನಮ್ಮ ಸಂಘಗಳ ಲೆಕ್ಕದಲ್ಲಿ ಮಾರ್ಚ್ 31ರ ಮುಕ್ತಾಯಕ್ಕೆ ಮಾತ್ರ ಓಡುವ ಕೋಡ್ ಇದೆ, ವಾರ್ಷಿಕ ಮಹಾಸಭೆಯ ವರದಿಗೆ ಮಾತ್ರ ಓಡುವ ಕೋಡ್ ಇದೆ. ಮೇ ತಿಂಗಳಲ್ಲಿ ಲಾಗ್ ಇಟ್ಟು ಜುಲೈನಲ್ಲಿ ‘ಯಾರೂ ಬಳಸುತ್ತಿಲ್ಲ’ ಎಂದು ತೀರ್ಮಾನಿಸಿದರೆ ಮುಂದಿನ ಮಾರ್ಚ್ ಉತ್ತರ ಹೇಳುತ್ತದೆ. ಆದ್ದರಿಂದ ಲೆಕ್ಕಪತ್ರದ ಆ್ಯಪ್ ಮುಟ್ಟುವ ಮೆಥಡ್‌ಗಳಿಗೆ ಒಂದು ಪೂರ್ತಿ ಆರ್ಥಿಕ ವರ್ಷ ಕೊಡುತ್ತೇನೆ. ಉಳಿದವಕ್ಕೆ ಅಷ್ಟು ಬೇಡ.

ಎಚ್ಚರಿಕೆಯನ್ನು ‘ವಾರ್ನ್’ನಿಂದ ಕೊಡುವಾಗ ‘ಅಪ್‌ಲೆವೆಲ್’ 1 ಎಂದು ಹಾಕಿ. ನಮ್ಮ ಜೆಮ್‌ನ ಸಾಲಿನ ಬದಲು ಕರೆದವರ ಸಾಲು ಕಾಣುತ್ತದೆ. ‘ಕೆಟಗರಿ’ ‘ಡೆಪ್ರಿಕೇಟೆಡ್’ ಎಂದೂ ಹಾಕಬಹುದು, ಆದರೆ 2.7.2ರಿಂದ ಆ ಬಗೆಯ ಎಚ್ಚರಿಕೆಗಳು ತಾವಾಗಿ ಕಾಣುವುದಿಲ್ಲ. ಪರೀಕ್ಷೆಗಳು ಓಡುವಲ್ಲಿ ಅದನ್ನು ಆನ್ ಮಾಡಿಡಿ, ಇಲ್ಲದಿದ್ದರೆ ಗೋಡೆಗೆ ಹೇಳಿದ ಹಾಗಾಗುತ್ತದೆ. ಎಚ್ಚರಿಕೆಯ ವಾಕ್ಯದಲ್ಲಿ ಬದಲಿಗೆ ಏನು ಬರೆಯಬೇಕು ಎಂಬುದು ಪೂರ್ತಿಯಾಗಿ ಇರಲಿ. ‘ಇದನ್ನು ಬಳಸಬೇಡಿ’ ಎಂದಷ್ಟೇ ಹೇಳಿದರೆ ಜನ ಆ ಸಾಲನ್ನು ನೋಡಿಯೂ ನೋಡದಂತೆ ಮುಂದೆ ಹೋಗುತ್ತಾರೆ.

ಎಚ್ಚರಿಕೆ ಮೈನರ್ ಆವೃತ್ತಿಯಲ್ಲಿ, ಅಳಿಸುವುದು ಮೇಜರ್ ಆವೃತ್ತಿಯಲ್ಲಿ. ಅದೇ ಮೇಜರ್ ಆವೃತ್ತಿಯಲ್ಲಿ ಜೆಮ್‌ಸ್ಪೆಕ್‌ನ ‘ರಿಕ್ವೈರ್ಡ್ ರೂಬಿ ವರ್ಷನ್’ ಅನ್ನೂ ಏರಿಸಿ, ಆಗ ‘ಇಲ್ಲದಿದ್ದರೆ ಮಾತ್ರ ಸೇರಿಸು’ ಎಂಬ ಷರತ್ತಿನ ಮೇಲೆ ಉಳಿಸಿಕೊಂಡ ಎಲ್ಲ ಹಳೆಯ ಮೆಥಡ್‌ಗಳೂ ಒಂದೇ ಸಲಕ್ಕೆ ಹೋಗುತ್ತವೆ. ರಿಕ್ವೈರ್ ಮಾಡುವ ಕಡತವನ್ನು ಮಾತ್ರ ಒಮ್ಮೆಲೇ ಅಳಿಸಬೇಡಿ. ಒಂದು ಆವೃತ್ತಿಯ ಮಟ್ಟಿಗೆ ಒಳಗೆ ಎಚ್ಚರಿಕೆಯ ಒಂದು ಸಾಲನ್ನಷ್ಟೇ ಬಿಟ್ಟು ಉಳಿಸಿ. ರೈಲ್ಸ್‌ನವರೂ ಹ್ಯಾಶ್‌ನ ‘ಕಂಪ್ಯಾಕ್ಟ್’ ಕಡತಕ್ಕೆ ಹೀಗೆಯೇ ಮಾಡಿದರು. ಇಲ್ಲದಿದ್ದರೆ ಮೆಥಡ್ ಭಾಷೆಯಲ್ಲಿ ಆರಾಮವಾಗಿದ್ದರೂ ಆ್ಯಪ್ ಶುರುವಾಗುವಾಗಲೇ ಲೋಡ್ ಎರರ್ ಎಂದು ಬಿದ್ದುಹೋಗುತ್ತದೆ. ಕೊನೆಗೆ ಪಠ್ಯ ಕಡತದ ಪಟ್ಟಿಯಿಂದ ಆ ಸಾಲನ್ನು ಕೆಳಗಿನ ‘ತೆಗೆದವು’ ಭಾಗಕ್ಕೆ ಸರಿಸಿ, ಯಾವ ರೂಬಿ ಆವೃತ್ತಿ ಅದರ ಜಾಗ ತೆಗೆದುಕೊಂಡಿತು ಎಂದು ಬರೆಯಿರಿ. ಎರಡು ವರ್ಷಗಳ ನಂತರ ಯಾರಾದರೂ ಅದೇ ಮೆಥಡನ್ನು ಹೊಸ ಪುಲ್ ರಿಕ್ವೆಸ್ಟ್‌ನಲ್ಲಿ ಹೊತ್ತು ತಂದಾಗ ವಾದ ಮಾಡುವ ಬದಲು ಆ ಸಾಲನ್ನು ತೋರಿಸಬಹುದು.